ಮಾತು ಬಿಟ್ಟವರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆದು, ಆ ಹಾಳೆಯನ್ನು ಹರಿದು ಹಾಕಿ, ಇದನ್ನು ಶುರುಮಾಡಿದ್ದೇನೆ. ಗಾಬರಿಯಾಗಬೇಡ, ಕಾಯಿಲೆ ಏನೂ ಇಲ್ಲ. ಸುಸ್ತು ಅಷ್ಟೆ. ಮಲಗಿ ಎದ್ದ ಮೇಲೂ ಮಲಗುವ ಮುಂಚೆ ಇದ್ದಷ್ಟೇ ಇರುತ್ತದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆದಾಗೆಲ್ಲ ನಿನ್ನ ಪಕ್ಕದಲ್ಲಿ ಯಾರೋ ಇರುತ್ತಾರೆ, ನೀನು ‘ಹೂಂ ಅಮ್ಮ, ಹೂಂ’ ಅನ್ನುತ್ತೀಯ, ನಾನು ಅಡುಗೆ ಏನು ಮಾಡಿದೆ ಎಂದು ಕೇಳಿ ಇಟ್ಟುಬಿಡುತ್ತೇನೆ. ಕಾಗದಕ್ಕಾದರೆ ಅವಸರವಿಲ್ಲ.

ನಿನ್ನ ಹತ್ತಿರ ಒಂದು ವಿಷಯ ಮುಚ್ಚಿಟ್ಟಿದ್ದೇವೆ. ಈ ಫ್ಲಾಟಿಗೆ ಬಂದಾಗಿನಿಂದ ನಿಮ್ಮಪ್ಪ ಮೂಗರಾಗಿಬಿಟ್ಟಿದ್ದರು.

ನಗಬೇಡ. ಮೊದಮೊದಲು ನಾವೂ ನಕ್ಕೆವು.

ನಾವು ಇಲ್ಲಿಗೆ ಬಂದ ವಾರವೇ ನಿನ್ನ ಮೊದಲ ಆಲ್ಬಮ್ ‘ಮಾತಿಲ್ಲದ ಮನೆ’ ಹೊರಬಂದಿತ್ತು. ಸಾಮಾನಿನ ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಕೆಳಗಿನ ಮನೆಯ ಟೀಚರಮ್ಮ ಬಂದು ಬಾಗಿಲು ತಟ್ಟಿದರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವರು, ಒಂಟಿ, ನಿದ್ದೆ ಕಡಿಮೆ. ಪತ್ರಿಕೆಯಲ್ಲಿ ನಮ್ಮ ಮೂವರ ಹಳೆಯ ಫೋಟೋ ಬಂದಿತ್ತಲ್ಲ, ಅದನ್ನು ನೋಡಿ ಗುರುತು ಹಿಡಿದಿದ್ದರು. ನಿಮ್ಮಪ್ಪ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಎದ್ದು ಬಂದರು. ಹೊಸ ಕಟ್ಟಡ, ಹೊಸ ಕಿವಿ, ಮಾತಾಡಲು ಜನ ಸಿಕ್ಕರೆಂದು ಮುಖ ಅರಳಿಸಿಕೊಂಡಿದ್ದರು. ಅಷ್ಟರಲ್ಲಿ ಆಕೆ ಇವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳಲು ಶುರುಮಾಡಿದರು. ‘ನೀವು ಏನೂ ಹೇಳ್ಬೇಡಿ ಸಾರ್. ನಂಗೆಲ್ಲಾ ಗೊತ್ತು. ನಿಮ್ಮ ಮಗಳು ಹೇಳಿದಾಳೆ’ ಅಂದರು.

ನಿಮ್ಮಪ್ಪ ನನ್ನ ಕಡೆ ನೋಡಿದರು. ತೆರೆದಿದ್ದ ಬಾಯಿ ನಿಧಾನವಾಗಿ ಮುಚ್ಚಿಕೊಂಡಿತು.

ಆಕೆ ಹೋದ ಮೇಲೆ ನಿನ್ನ ರೆಕಾರ್ಡಿನ ಹೊದಿಕೆಯ ಹಿಂದೆ ಏನು ಬರೆದಿದೆ ಎಂದು ಇಬ್ಬರೂ ಕನ್ನಡಕ ಹಾಕಿಕೊಂಡು ಓದಿದೆವು. ಕಲಾವಿದೆ ಪುಟ್ಟ ಮಗುವಾಗಿದ್ದಾಗ ತಂದೆಗೆ ಕೆಲಸದಲ್ಲಿ ಅಪಘಾತವಾಯಿತು, ಅಂದಿನಿಂದ ಅವರು ಮಾತಾಡಲೇ ಇಲ್ಲ, ಆ ಮನೆಯ ಮೌನವೇ ಈ ಸಂಗೀತ, ಎಂದಿತ್ತು. ಅಪಘಾತವೇನೋ ನಿಜ. ಲಿಫ್ಟ್ ರಿಪೇರಿ ಮಾಡುವಾಗ ಬೆರಳು ಸಿಕ್ಕಿಕೊಂಡು ನಾಲ್ಕು ಹೊಲಿಗೆ ಬಿದ್ದಿತ್ತು. ಹೊಲಿಗೆ ಹಾಕುವಾಗಲೂ ಲಿಫ್ಟಿನ ಬ್ರೇಕು ಹೇಗೆ ಹಿಡಿಯುತ್ತದೆ ಎಂದು ಡಾಕ್ಟರಿಗೆ ವಿವರಿಸುತ್ತಿದ್ದ ಮನುಷ್ಯ ಅವರು. ಆ ಬೆರಳಿನ ಕಥೆಯನ್ನು ಆಮೇಲೆ ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದರೆಂದರೆ, ನಾನು ಸಾರಿಗೆ ಒಗ್ಗರಣೆ ಹಾಕುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ನಿನ್ನನ್ನು ಕೇಳಿದ್ದಕ್ಕೆ ನೀನು ಹೇಳಿದ್ದು ನೆನಪಿದೆ. ರೆಕಾರ್ಡ್ ಕಂಪನಿಯವನು ‘ಇದರ ಹಿಂದೆ ಏನಾದ್ರೂ ಇದ್ಯಾ’ ಎಂದು ಕೇಳುತ್ತಲೇ ಇದ್ದ, ನೀನು ಒಂದು ಸಾಲು ಹೇಳಿದೆ, ಅವನು ಹತ್ತು ಸಾಲು ಮಾಡಿದ. ತಿದ್ದಿಸುವಷ್ಟರಲ್ಲಿ ಅಚ್ಚಾಗಿತ್ತು. ನಂಬುತ್ತೇನೆ ಮಗಳೇ. ಎಷ್ಟು ವರ್ಷ ಆ ಪುಟ್ಟ ಕೋಣೆಯಲ್ಲಿ ಕೂತು, ಫ್ಯಾನಿನ ಸದ್ದು, ಫ್ರಿಜ್ಜಿನ ಸದ್ದು ಎಲ್ಲ ಹಿಡಿದು, ಎಳೆದು, ತೊಳೆದು ಮಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಕೇಳುವವರು ಬಂದರು. ಅವರನ್ನು ಬಾಗಿಲಲ್ಲಿ ನಿಲ್ಲಿಸಿ ‘ನೀವು ಬಂದ ಕಾರಣ ತಪ್ಪು’ ಎಂದು ಯಾರು ಹೇಳುತ್ತಾರೆ?

ನಿಮ್ಮಪ್ಪನೂ ಅದನ್ನೇ ಯೋಚಿಸಿದರು. ‘ಹುಡುಗಿ ಈಗ ತಾನೇ ನಾಲ್ಕು ಜನರ ಕಣ್ಣಿಗೆ ಬಿದ್ದಿದಾಳೆ. ನಾನು ಇಲ್ಲಿ ಕೂತು ಹರಟೆ ಹೊಡೆದ್ರೆ ಅವಳು ಸುಳ್ಳುಗಾತಿ ಆಗ್ತಾಳೆ. ಸ್ವಲ್ಪ ದಿನ ತಾನೇ’ ಅಂದರು.

ಸ್ವಲ್ಪ ದಿನ ಮುಗಿಯಲೇ ಇಲ್ಲ. ಟೀಚರಮ್ಮ ಹೇಳಿದ್ದು ಇಡೀ ಕಟ್ಟಡಕ್ಕೆ ಗೊತ್ತಾಯಿತು. ವಾಚ್‌ಮನ್ ಇವರನ್ನು ನೋಡಿ ಎದ್ದು ನಿಲ್ಲುತ್ತಿದ್ದ. ಕ್ಷೌರದ ಅಂಗಡಿಯವನು ಇವರು ಕುರ್ಚಿಗೆ ಕೂತರೆ ಟಿವಿ ಆರಿಸುತ್ತಿದ್ದ. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ವಿಳಾಸ ಹುಡುಕಿಕೊಂಡು ಬಂದು, ಸೋಫಾದಲ್ಲಿ ಇವರ ಎದುರು ಸುಮ್ಮನೆ ಕೂತು, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಆ ಹೊತ್ತಿನಲ್ಲಿ ನಿಮ್ಮಪ್ಪನ ಮುಖ ನೀನು ನೋಡಬೇಕಿತ್ತು. ಬಾಯಿ ತುಂಬ ನೀರು ತುಂಬಿಕೊಂಡು ಉಗುಳಲು ಜಾಗವಿಲ್ಲದವರ ಹಾಗೆ.

ಗೋಡೆಗಳು ತೆಳ್ಳಗಿವೆ. ಕೆಳಗೆ ಟೀಚರಮ್ಮ ಕೆಮ್ಮಿದರೆ ನಮಗೆ ಕೇಳಿಸುತ್ತದೆ. ಹಾಗಾಗಿ ಮನೆಯೊಳಗೂ ಮೊದಲು ಪಿಸುಮಾತಾಯಿತು, ಆಮೇಲೆ ಸನ್ನೆಯಾಯಿತು. ನಿನ್ನ ಫೋನ್ ಬಂದಾಗ ಮಾತ್ರ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಟ್ಟು ಮಾತಾಡುತ್ತಿದ್ದರು. ಒಂದು ಸಲ ನೀನು ಕೇಳಿದೆಯಂತೆ, ‘ಅಲ್ಲಿ ಮಳೇನಾ ಅಪ್ಪ’ ಎಂದು. ಹೌದು ಅಂದರಂತೆ.

ನಾನು ಡ್ರೈಕ್ಲೀನಿಂಗ್ ಅಂಗಡಿಯಿಂದ ಬರುವುದು ಸಂಜೆ. ದಿನವೆಲ್ಲ ಪ್ಯಾಂಟಿನ ತುದಿ ಮಡಿಸಿ, ಜಿಪ್ ಬದಲಾಯಿಸಿ, ಕುತ್ತಿಗೆ ಹಿಡಿದುಕೊಂಡಿರುತ್ತದೆ. ಮೊದಲಾದರೆ ನಾನು ಚಪ್ಪಲಿ ಬಿಡುವ ಮುಂಚೆಯೇ ಅವರ ಕಥೆ ಶುರುವಾಗುತ್ತಿತ್ತು. ಅರ್ಧ ಕೇಳುತ್ತಿದ್ದೆ, ಅರ್ಧ ಬಿಡುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಬಾಗಿಲು ತೆರೆದರೆ ಒಳಗೆ ಫ್ರಿಜ್ಜಿನ ಸದ್ದೊಂದೇ. ಕೊನೆಕೊನೆಗೆ ಸನ್ನೆಯೂ ಕಡಿಮೆಯಾಗಿತ್ತು. ಹೇಳುವುದಕ್ಕೆ ಅವರಲ್ಲಿ ಏನೂ ಉಳಿದಿರಲಿಲ್ಲವೇನೋ ಅನ್ನಿಸಿ ಹೆದರಿಕೆಯಾಗುತ್ತಿತ್ತು.

ಹೋದ ತಿಂಗಳು ಒಂದು ದಿನ ಅಂಗಡಿ ಬೇಗ ಮುಚ್ಚಿತು. ನಾನು ಬಂದಾಗ ಕರೆಂಟ್ ಹೋಗಿ ಲಿಫ್ಟ್ ಎರಡು ಅಂತಸ್ತಿನ ನಡುವೆ ನಿಂತಿತ್ತು. ಒಳಗೆ ಟೀಚರಮ್ಮ ಒಬ್ಬರೇ. ಬಾಗಿಲು ಬಡಿಯುತ್ತಿದ್ದರು, ಉಸಿರು ಸಿಗುತ್ತಿಲ್ಲ ಅನ್ನುತ್ತಿದ್ದರು. ಮೆಟ್ಟಿಲ ತುಂಬ ಜನ. ಲಿಫ್ಟ್ ಕಂಪನಿಯವರು ಹೊರಟಿದ್ದಾರೆ, ದೂರದಿಂದ ಬರಬೇಕು ಎಂದು ವಾಚ್‌ಮನ್ ಹೇಳುತ್ತಿದ್ದ. ನಿಮ್ಮಪ್ಪ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು. ಒಳಗೆ ಬಡಿತ ಜೋರಾಯಿತು, ಆಮೇಲೆ ಸಣ್ಣಗಾಯಿತು. ನಾನು ಮೆಟ್ಟಿಲು ಹತ್ತಿ ಬಂದದ್ದನ್ನು ಅವರು ನೋಡಿದರೋ ಇಲ್ಲವೋ. ಗಂಟಲು ಸರಿಮಾಡಿಕೊಂಡರು. ದನಿ ಹೊರಟಾಗ ತುಕ್ಕು ಹಿಡಿದ ಬೀಗದ ಹಾಗಿತ್ತು.

‘ಟೀಚರಮ್ಮ, ನಾನು ಮೇಲಿನ ಮನೆಯವನು. ಈ ಡಬ್ಬ ಎಲ್ಲಿಗೂ ಬೀಳಲ್ಲ. ಗಾಳಿ ಬೇಕಾದಷ್ಟಿದೆ. ಕೆಳಗೆ ಕೂತ್ಕೊಳ್ಳಿ, ಚಪ್ಪಲಿ ಬಿಡಿ. ನಾನು ಇಲ್ಲೇ ಇರ್ತೀನಿ.’

ಮೆಟ್ಟಿಲ ಮೇಲಿದ್ದವರೆಲ್ಲ ಕಲ್ಲಾದರು. ವಾಚ್‌ಮನ್ ಟೋಪಿ ತೆಗೆದ.

ಕಂಪನಿಯ ಹುಡುಗರು ಬರುವವರೆಗೂ ನಿಮ್ಮಪ್ಪ ಬಾಯಿ ಮುಚ್ಚಲಿಲ್ಲ. ಕೆಲಸದಲ್ಲಿದ್ದಾಗ ಸಿಕ್ಕಿಕೊಂಡವರನ್ನು ಹೀಗೇ ಮಾತಾಡಿಸಿ ಸಮಾಧಾನ ಮಾಡುತ್ತಿದ್ದೆ ಎಂದು ಎಷ್ಟೋ ಸಲ ಹೇಳಿದ್ದರು, ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಹಗ್ಗಗಳು ಎಷ್ಟಿರುತ್ತವೆ ಎಂದು ವಿವರಿಸಿದರು. ಹಲ್ಲಿನ ಡಾಕ್ಟರೂ, ಅವರಿಗೆ ಹೆದರಿ ಓಡಿಹೋಗುತ್ತಿದ್ದ ರೋಗಿಯೂ ಒಂದೇ ಲಿಫ್ಟಿನಲ್ಲಿ ಸಿಕ್ಕಿಕೊಂಡ ಕಥೆ ಹೇಳಿದರು. ಹೊರಬರುವಷ್ಟರಲ್ಲಿ ಡಾಕ್ಟರು ಹಲ್ಲು ನೋಡಿ ಮುಗಿಸಿದ್ದರಂತೆ. ಒಳಗಿನಿಂದ ನಗು ಕೇಳಿಸಿತು. ನನಗೆ ಗೊತ್ತಿಲ್ಲದ ಕಥೆಗಳೂ ಇದ್ದವು ಗುಬ್ಬಿ. ಇಷ್ಟು ವರ್ಷ ಅರ್ಧ ಕೇಳುತ್ತಿದ್ದೆನಲ್ಲ, ಅವು ಆ ಇನ್ನರ್ಧ ಇರಬೇಕು. ಮಾರ್ಕೆಟ್ಟಿನ ಚೀಲ ಕಾಲ ಬಳಿ ಇಟ್ಟು ಮೆಟ್ಟಿಲ ಮೇಲೆ ಕೂತು ನಾನೂ ಕೇಳಿದೆ.

ಟೀಚರಮ್ಮ ಹೊರಬಂದು, ನೀರು ಕುಡಿದು, ಉಸಿರು ಹತೋಟಿಗೆ ಬಂದ ಮೇಲೆ ಇವರ ಮುಖ ನೋಡಿದರು.

‘ನೀವು ಮಾತಾಡ್ತೀರ?’

‘ಮಾತಾಡ್ತೀನಿ ಟೀಚರಮ್ಮ. ಮಾತಾಡದೇ ಇದ್ದು ಸಾಕಾಗಿ ಹೋಗಿದೆ.’

ಆಕೆ ಬೈಯಲಿಲ್ಲ. ಲೋಟ ಕೈಯಲ್ಲಿ ಹಿಡಿದುಕೊಂಡೇ ‘ಹಾಗಾದ್ರೆ ನಾನು ಒಂದು ವರ್ಷದಿಂದ ಅತ್ತಿದ್ದು ಯಾತಕ್ಕೆ?’ ಎಂದು ಕೇಳಿದರು. ನಮ್ಮಿಬ್ಬರ ಕಡೆಯಿಂದ ನಾನು ಕ್ಷಮೆ ಕೇಳಿದೆ. ಲೋಟ ನನ್ನ ಕೈಗೆ ಕೊಟ್ಟು ಎದ್ದು ಹೋದರು.

ಆಮೇಲೆ ಎರಡು ವಾರ ಅವರ ಬಾಗಿಲು ತೆರೆಯಲಿಲ್ಲ. ಕೆಳಗಿನಿಂದ ನಿನ್ನ ಸಂಗೀತವೂ ಕೇಳಿಬರಲಿಲ್ಲ. ಹೋದ ಭಾನುವಾರ ಅವರೇ ಮೇಲೆ ಬಂದರು. ಅವರು ಹೇಳಿದ್ದನ್ನು ಆದಷ್ಟು ಹಾಗೇ ಬರೆಯುತ್ತಿದ್ದೇನೆ, ನಿನಗಾಗಿಯೇ ಹೇಳಿದ್ದು ಅದು. ಮೊದಲು ಸಿಟ್ಟಿನಲ್ಲಿ ನಿನ್ನ ಆಲ್ಬಮ್ ಹಾಕಲೇ ಇಲ್ಲವಂತೆ. ಆಮೇಲೆ ಒಂದು ದಿನ ಪರೀಕ್ಷೆಯ ಪೇಪರ್ ತಿದ್ದುವಾಗ ತನ್ನಷ್ಟಕ್ಕೆ ಇರಲಿ ಎಂದು ಹಾಕಿದರಂತೆ. ‘ಮೊದಲನೇ ಟ್ರ್ಯಾಕ್ ಉದ್ದ ಆಯ್ತು, ಅಷ್ಟೆ. ಇಷ್ಟು ದಿನ ಅದು ದುಃಖ ಅಂತ ಸಹಿಸ್ಕೊಂಡಿದ್ದೆ. ಎರಡನೇದು ನೆನಪೇ ಇರಲ್ಲ. ಆದ್ರೆ ಮೂರನೇದು ಬಂದಾಗ ಪೆನ್ನು ಕೆಳಗಿಟ್ಟೆ. ಅದನ್ನ ಯಾರು ಮಾಡಿದ್ರೂ, ಯಾಕೆ ಮಾಡಿದ್ರೂ ಚೆನ್ನಾಗಿದೆ. ನಿಮ್ಮ ಮಗಳಿಗೆ ಹೇಳಿ’ ಅಂದರು.

ಆಕೆ ಹೋದ ಮೇಲೆ ನೀನು ಕಳಿಸಿದ್ದ ಪತ್ರಿಕೆಯ ತುಂಡುಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲದರಲ್ಲೂ ನಿಮ್ಮಪ್ಪ ಇದ್ದಾರೆ, ಅಪಘಾತ ಇದೆ, ಮೌನ ಇದೆ. ಮೊದಲನೆಯದು ಉದ್ದವಾಯಿತು ಎಂದು ಒಬ್ಬರೂ ಬರೆದಿಲ್ಲ. ಮೂರನೆಯದರ ಹೆಸರೂ ಎತ್ತಿಲ್ಲ.

ನನ್ನ ಕಿವಿಯೂ ಕೆಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಕಥೆ ಗಿಥೆ ಏನೂ ಇಲ್ಲದಿದ್ದಾಗ ನೀನು ಆ ಮೂರನೆಯದನ್ನು ಫೋನಿಗೆ ಕಳಿಸಿದ್ದೆ. ಅಂಗಡಿಯಲ್ಲಿ ಯಾರದೋ ಉದ್ದನೆಯ ಕೋಟಿನ ಅಂಚು ಹೊಲಿಯುತ್ತಾ ಹಾಕಿಕೊಂಡಿದ್ದೆ. ರಾಗವಿಲ್ಲ, ತಾಳವಿಲ್ಲ, ಒಂದು ದನಿ ಬಂದು ಕೂತು, ಇನ್ನೊಂದಕ್ಕೆ ಜಾಗ ಬಿಟ್ಟುಕೊಡುತ್ತಿತ್ತು. ಎಲ್ಲೂ ನಿಲ್ಲಿಸದೆ ಕೋಟಿನ ಸುತ್ತ ಒಂದೇ ಹೊಲಿಗೆ ಹೋಗಿತ್ತು, ನೆಟ್ಟಗೆ. ನಿಮ್ಮಪ್ಪ ಅದನ್ನು ಕೇಳಿ ‘ಚೆನ್ನಾಗಿದೆ ಕಣೇ, ಮಾತಾಡೋಕೆ ಅಡ್ಡ ಬರಲ್ಲ’ ಎಂದಿದ್ದರು. ಹೊದಿಕೆಯ ಮೇಲಿನದನ್ನು ಓದಿದ ಮೇಲೆ ಅದನ್ನೇ ಹಾಕಿದರೆ, ಪ್ರತಿ ಸದ್ದಿನಲ್ಲೂ ಬಾಯಿ ಮುಚ್ಚಿಕೊಂಡ ಗಂಡನನ್ನು ಹುಡುಕುತ್ತಿದ್ದೆ. ಇಲ್ಲದ್ದನ್ನು ಹುಡುಕಿ ಹುಡುಕಿ ಇದ್ದದ್ದು ಕೇಳಿಸದೇ ಹೋಯಿತು.

ಈಗ ಮುಖ್ಯ ವಿಷಯ. ಎರಡನೆಯ ಆಲ್ಬಮ್ಮಿನ ಹೊದಿಕೆಗೆ ನಿಮ್ಮಪ್ಪನ ಫೋಟೋ ಬೇಕೆಂದು ನಿನ್ನ ಕಂಪನಿಯವನು ಕೇಳಿದ್ದ, ಫೋಟೋಗ್ರಾಫರ್ ಬರುವ ದಿನವೂ ಗೊತ್ತಾಗಿತ್ತು. ಇವರು ಒಪ್ಪಿದ್ದರು. ‘ಅವಳಿಗೆ ಅನುಕೂಲ ಆಗೋದಾದ್ರೆ ಒಂದು ಫೋಟೋ ತಾನೇ’ ಅಂದರು. ನಾನೇ ಮೊನ್ನೆ ಅವನಿಗೆ ಫೋನ್ ಮಾಡಿ ಬೇಡ ಎಂದೆ. ನಿನ್ನನ್ನು ಕೇಳದೆ ಮಾಡಿದೆ, ಬೈಯುವುದಿದ್ದರೆ ನನ್ನನ್ನು ಬೈಯಿ. ಲಿಫ್ಟಿನಲ್ಲಿ ಆದದ್ದನ್ನೂ ಹೇಳಿದೆ. ಕೇಳಿಸಿಕೊಂಡರೆ ಅವನಿಗೆ ನಾಚಿಕೆಯಾದೀತು ಎಂದುಕೊಂಡಿದ್ದೆ. ಅವನು ‘ಅಮ್ಮಾ, ಇದು ಅದಕ್ಕಿಂತ ಒಳ್ಳೇ ಕಥೆ. ಇಷ್ಟು ವರ್ಷ ಆದ್ಮೇಲೆ ಅಪ್ಪ ಮಾತಾಡಿದ್ರು. ಎರಡನೇ ಆಲ್ಬಮ್ ಇದೇ’ ಅಂದ.

ನಾನು ಫೋನ್ ಇಟ್ಟೆ. ಇಷ್ಟರಲ್ಲಿ ಅವನು ನಿನಗೆ ಹೇಳಿರುತ್ತಾನೆ. ಹೂಂ ಅನ್ನಬೇಡ ಮಗಳೇ. ನಿನ್ನ ಕೆಲಸ ನಿಂತುಹೋದೀತು ಎಂಬ ಭಯ ನಿನಗಿರುತ್ತದೆ, ಇರಲಿ, ನನಗೂ ಇದೆ. ಕೇಳುವವರು ಕಡಿಮೆಯಾಗಬಹುದು. ಒಬ್ಬ ಲೆಕ್ಕದ ಟೀಚರ್ ಉಳಿದಿದ್ದಾರೆ ಎಂದಾದರೂ ತಿಳಿದುಕೋ.

ನಿಮ್ಮಪ್ಪ ಈಗ ಮಾತಾಡುತ್ತಾರೆ, ಮೊದಲಿನಷ್ಟಿಲ್ಲ. ಒಂದು ಮಾತಿನ ನಡುವೆ ನಿಂತು ಗೋಡೆಯ ಕಡೆ ನೋಡುತ್ತಾರೆ. ರಜೆ ಹಾಕಿ ಬಾ. ಜೊತೆಗೆ ಯಾರನ್ನೂ ಕರೆದುಕೊಂಡು ಬರಬೇಡ. ಸೋಫಾದಲ್ಲಿ ಅವರ ಎದುರು ಕೂತು ಏನಾದರೂ ಕೇಳು, ಏನಾದರೂ ಆಗಬಹುದು. ಉತ್ತರ ಮುಗಿಯುವ ಮುಂಚೆ ಏಳಬೇಡ.

ದಾರಿ ಕಾಯುವ,
ನಿನ್ನ ಅಮ್ಮ

ಇನ್ನೊಂದು ಮಾತು. ನೀನು ಅವನಿಗೆ ಹೇಳಿದ ಆ ಒಂದು ಸಾಲು ಯಾವುದೆಂದು ನಾನು ಕೇಳಿಲ್ಲ. ಚಿಕ್ಕವಳಿದ್ದಾಗ ಮನೆಯಲ್ಲಿ ಮಾತು ನಿಂತುಹೋಗಿತ್ತು ಎಂದು ಹೇಳಿದ್ದರೆ, ನೀನು ಸುಳ್ಳು ಹೇಳಿಲ್ಲ. ನಿಂತಿದ್ದು ನನ್ನ ಮಾತು. ಎಷ್ಟೋ ತಿಂಗಳು. ಆಗ ನಿನ್ನ ಕಿವಿಗೆ ಮಾತು ಬೀಳಲಿ ಎಂದು ನಿಮ್ಮಪ್ಪ ಬೆಳಗ್ಗೆಯಿಂದ ಮಲಗುವವರೆಗೆ ಮಾತಾಡುತ್ತಿದ್ದರು, ಆಮೇಲೆ ಅದೇ ಅಭ್ಯಾಸವಾಯಿತು. ನನಗೆ ಯಾಕೆ ಹಾಗಾಯಿತೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನು ಮುಂದೆ ನೀನು ಏನು ಮಾಡಹೊರಟರೂ ನಿನಗೆ ಅದೇ ಕೇಳಿಸುತ್ತದೆ. ಎರಡನೆಯ ಆಲ್ಬಮ್ ಮುಗಿಸು, ಆಮೇಲೆ ಹೇಳುತ್ತೇನೆ.