ಮತ್ತಿಮರದ ಉಡ

ಘೋಡಗೇರಿ
೨೪ ಆಗಸ್ಟ್ ೨೦೨೪, ಶನಿವಾರ

ಘಟ್ಟದ ಮಳೆಯಲ್ಲಿ ಕಪ್ಪೆ ಎಣಿಸುತ್ತ ಕೂತಿರುವ ಸುರಯ್ಯಾಗೆ, ಬಯಲಿನಿಂದ ದಾನೇಶ್ವರಿಯ ಅಕ್ಕರೆ.

ಇವತ್ತು ಬೆಳಿಗ್ಗೆ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ಶೆಟ್ಟೆಪ್ಪಜ್ಜ ಕಟ್ಟೆಯ ಮೇಲೆ ಕೂತು ದಿಮ್ಮಡಿಯನ್ನು ಬಿಸಿಲಿಗೆ ಹಿಡಿದಿದ್ದ. ಮಳೆಗಾಲದಲ್ಲಿ ಅದರ ಚರ್ಮ ಸಡಿಲಾಗುತ್ತದೆ. ಬಿಸಿಲಿಗೋ ಕೆಂಡಕ್ಕೋ ಕಾಯಿಸದೆ ಭಜನೆಗೆ ಒಯ್ಯುವಂತಿಲ್ಲ. ಬಿಗಿಯಾಯಿತೋ ಇಲ್ಲವೋ ಎಂದು ನಡುನಡುವೆ ಬೆರಳಿನಿಂದ ತಟ್ಟಿ ನೋಡುತ್ತಿದ್ದ. ಅಂಚಿನ ಗುಂಟ ತಟ್ಟುತ್ತ ಬಂದ ಬೆರಳು ಒಂದು ಜಾಗದ ಹತ್ತಿರ ಬಂದಾಗ ಎದ್ದು, ಅದನ್ನು ದಾಟಿ, ಆಚೆ ಇಳಿಯಿತು. ಮೂರು ಸುತ್ತು ನೋಡಿದೆ. ಮೂರೂ ಸಲ ಹಾಗೆಯೇ. ಆ ಜಾಗದಲ್ಲಿ ಚರ್ಮ ತೆಳುವಾಗಿದೆ ಎಂಬುದು ಅಜ್ಜನ ಬೆರಳಿಗೆ ಗೊತ್ತು.

ಆ ಜಾಗ ನಿನಗೂ ಗೊತ್ತು ಸುರಯ್ಯಾ. ಉಳಿದ ಕಡೆಯೆಲ್ಲ ಸಾಲು ಸಾಲು ಹುರುಪೆಯ ಗುರುತು, ಅಲ್ಲಿ ಮಾತ್ರ ಉಗುರಿನ ತುದಿಯಷ್ಟು ಅರ್ಧಚಂದ್ರ, ನುಣ್ಣಗೆ. ನಿನ್ನ ಪುಸ್ತಕದಲ್ಲಿ ಅದರ ಮೂರು ಚಿತ್ರಗಳಿವೆ. ಬಿಡಾರದ ಕೆಳಗಿನ ಹಳ್ಳದಲ್ಲಿ, ಮತ್ತಿಮರದ ಪೊಟರೆಯಲ್ಲಿದ್ದ ಉಡ ಮೇ ತಿಂಗಳಲ್ಲಿ ಕಾಣೆಯಾಯಿತಲ್ಲ, ಅದರ ಬೆನ್ನಿನ ಚರ್ಮ ಈಗ ದಿಮ್ಮಡಿಯಾಗಿ ನಮ್ಮ ಪಡಸಾಲೆಯ ಗೂಟಕ್ಕೆ ತೂಗುತ್ತಿದೆ.

ಯಲ್ಲೇಶ ಅದನ್ನು ಕೊಂದಿಲ್ಲ.

ಈ ಮಾತನ್ನು ಫೋನಿನಲ್ಲಿ ಹೇಳಬಹುದಿತ್ತು. ವಾರಕ್ಕೊಮ್ಮೆ ನೀನು ಗುಡ್ಡ ಹತ್ತಿ ಬಂದು ಫೋನು ಮಾಡುತ್ತಿ, ನಾನು ಹೂಂ ಅನ್ನುತ್ತೇನೆ, ಚೆನ್ನಾಗಿದ್ದೇನೆ ಅನ್ನುತ್ತೇನೆ, ಅಷ್ಟರಲ್ಲಿ ಸಂಪರ್ಕ ಹೋಗುತ್ತದೆ. ನನಗೆ ಬಾಯಿಗಿಂತ ಕೈ ಹೆಚ್ಚು ಧೈರ್ಯದ್ದು. ಗೋಕಾಕದ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದೂ ನನ್ನ ಅರ್ಧ ಮಾತುಗಳನ್ನು ಚೀಟಿಯಲ್ಲಿ ಬರೆದು ನಿನ್ನ ದಿಂಬಿನ ಕೆಳಗೆ ಇಟ್ಟವಳು ನಾನು. ಇದನ್ನೂ ಹಾಗೆಯೇ ಓದು.

ಕನ್ನಡ ಎಂ.ಎ. ಮಾಡಿದವಳಿಗೆ ಕಪ್ಪೆಗಳ ಕಾಡಿನಲ್ಲಿ ಏನು ಕೆಲಸ ಎಂದು ಇಲ್ಲಿ ಎಲ್ಲರೂ ಕೇಳಿದರು. ಜನರು ಕರೆಯುವ ಹೆಸರುಗಳನ್ನು ಬರೆದುಕೊಳ್ಳುವುದು, ಕಪ್ಪೆಗೆ, ಹಾವಿಗೆ, ಹಲ್ಲಿಗೆ ಯಾವ ಊರಿನಲ್ಲಿ ಯಾವ ಹೆಸರು, ಯಾವ ಕಥೆ, ಎಂದು ಹೇಳಿ ಹೇಳಿ ಸಾಕಾಯಿತು. ನನಗೆ ಆ ಕೆಲಸ ಕೊಡಿಸಿದವಳು ನೀನು. ಮಾತಾಡಲು ನಾಚುವವಳನ್ನು ಊರೂರಿಗೆ ಪ್ರಶ್ನೆ ಕೇಳಲು ಕಳಿಸಿದೆ. ಮೊದಲ ತಿಂಗಳು ಯಲ್ಲೇಶನೇ ನನ್ನ ಪರವಾಗಿ ಕೇಳುತ್ತಿದ್ದ. ಬಿಡಾರ ಕಾಯುವುದು, ದಾರಿ ತೋರಿಸುವುದು ಅವನ ಕೆಲಸ. ಹೆಸರು ಬರೆಸುವುದು ಅಲ್ಲ. ಆದರೂ ಮುದುಕಿಯರ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ‘ನಮ್ಮ ಅಕ್ಕಾರಿಗಿ ಕಪ್ಪಿ ಹೆಸರ ಬೇಕಂತ್ರಿ, ನಿಮ್ಮದಲ್ಲ, ಹೆದರಬ್ಯಾಡ್ರಿ’ ಎಂದು ನಗಿಸುತ್ತಿದ್ದ.

ಮೇ ತಿಂಗಳ ಎರಡನೆಯ ವಾರ ನೀನು ಬೆಳಗಾವಿಗೆ ಹೋಗಿದ್ದೆಯಲ್ಲ, ಆಗ ಅಜ್ಜ ನನ್ನನ್ನು ನೋಡಲು ಬಂದಿದ್ದ. ಇದನ್ನು ನಿನಗೆ ಹೇಳಿದ್ದೆ. ಜೊತೆಗೆ ಬೀರಸಿದ್ದಪ್ಪನೂ ಬಂದಿದ್ದ ಎಂಬುದನ್ನು ಹೇಳಿರಲಿಲ್ಲ. ಅವನು ನಮ್ಮೂರ ಭಜನೆಯಲ್ಲಿ ತಾಳ ಹಾಕುವವನು, ಅಜ್ಜನ ನಲವತ್ತು ವರ್ಷದ ಗೆಳೆಯ. ಅವನ ಮಗಳನ್ನು ಕೊಟ್ಟದ್ದು ಘಟ್ಟದ ಅಂಚಿನ ಊರಿಗೆ. ಮಗಳ ಮನೆಗೂ ಹೋದಂತಾಯಿತು, ನಿನ್ನನ್ನೂ ನೋಡಿದಂತಾಯಿತು ಎಂದು ಇಬ್ಬರೂ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರು. ಬಿಡಾರದ ತಾಡಪತ್ರಿ ಸೂರು ನೋಡಿ ಅಜ್ಜ, ‘ಇದೇನ ನೌಕರಿನೋ ವನವಾಸನೋ’ ಅಂದ. ಬೀರಸಿದ್ದಪ್ಪ, ‘ಪಗಾರ ಇದ್ದ ವನವಾಸ ಬಿಡೋ’ ಅಂದ.

ಊಟವಾದ ಮೇಲೆ, ಇಲ್ಲಿ ನೀನು ಏನೇನು ನೋಡಿದಿ ಎಂದು ಅಜ್ಜ ಕೇಳಿದ. ಯಾರಾದರೂ ನನ್ನನ್ನು ಹಾಗೆ ಕೇಳಿ ಎಷ್ಟು ವರ್ಷವಾಗಿತ್ತು! ನಾನು ಮಾತಾಡಿದೆ. ಹಿಂಗಾಲು ಎತ್ತಿ ಬೀಸುವ ಕಪ್ಪೆಯ ಬಗ್ಗೆ, ಎಲೆಯ ತುದಿಯಲ್ಲಿ ನೊರೆಯ ಗೂಡು ಕಟ್ಟುವ ಹಸಿರು ಕಪ್ಪೆಯ ಬಗ್ಗೆ, ಕಾಲಿಲ್ಲದ ಕಪ್ಪೆಜಾತಿಯನ್ನು ಜನ ಹಾವೆಂದು ತಿಳಿದು ಹೊಡೆಯುವ ಬಗ್ಗೆ. ಒಂದು ಗಂಟೆ ಮಾತಾಡಿರಬೇಕು. ಇಬ್ಬರು ಮುದುಕರು ಬಾಯಿ ತೆರೆದು ಕೇಳಿದರು. ಆ ಹುಮ್ಮಸ್ಸಿನಲ್ಲಿ, ಬರ್ರಿ ಒಂದು ತೋರಿಸುತ್ತೇನೆ ಎಂದು ಹಳ್ಳಕ್ಕೆ ಇಳಿಸಿಕೊಂಡು ಹೋದೆ. ಗೂಡು, ಪೊಟರೆ, ತತ್ತಿ ಇರುವ ಜಾಗವನ್ನು ಹೊರಗಿನವರಿಗೆ ತೋರಿಸಬಾರದು ಎಂಬುದು ನಮ್ಮ ಬಿಡಾರದ ಮೊದಲ ನಿಯಮ. ಆದರೆ ಅಜ್ಜ ನನಗೆ ಹೊರಗಿನವನಾಗಿ ಕಾಣಲಿಲ್ಲ.

ಉಡ ಬಿಸಿಲಿಗೆ ಹೊರಗೆ ಬಂದು ಬೇರಿನ ಮೇಲೆ ಮಲಗಿತ್ತು. ನಾನು ಪಿಸುದನಿಯಲ್ಲಿ ಅದರ ಗಾಯದ ಗುರುತು ತೋರಿಸಿದೆ, ದಿನಾ ಹತ್ತೂವರೆಗೆ ಬರುತ್ತದೆ ಎಂದೂ ಹೇಳಿದೆ. ಬೀರಸಿದ್ದಪ್ಪ ಬಹಳ ಹೊತ್ತು ನೋಡಿ, ‘ಇದರ ಬೆನ್ನಿನ ತೊಗಲ ಎಷ್ಟ ದಪ್ಪ ಇದ್ದೀತವ್ವಾ?’ ಎಂದು ಕೇಳಿದ. ಅವನಿಗೂ ಪ್ರಾಣಿಗಳ ಮೇಲೆ ಕುತೂಹಲ ಹುಟ್ಟಿತಲ್ಲ ಎಂದು ನನಗೆ ಖುಷಿಯಾಯಿತು. ಆ ಪ್ರಶ್ನೆಯನ್ನು ನನ್ನ ವಹಿಯಲ್ಲಿ ಬರೆದುಕೊಂಡೆ ಕೂಡ. ನೀನು ಬಂದ ಮೇಲೆ ಉತ್ತರ ಕೇಳಿ ಅವನಿಗೆ ತಿಳಿಸಬೇಕು ಎಂದು. ನಾನು ನೋಡಿದ ಉಡವನ್ನು ಅವರು ನೋಡುತ್ತಿರಲಿಲ್ಲ, ಅದರ ನಾದ ಹೇಗಿದ್ದೀತು ಎಂದು ಲೆಕ್ಕ ಹಾಕುತ್ತಿದ್ದರು ಎಂಬುದು ನನಗೆ ಹೊಳೆಯಲೇ ಇಲ್ಲ. ದಿಮ್ಮಡಿಯ ಸದ್ದಿನಲ್ಲೇ ಹುಟ್ಟಿ ಬೆಳೆದವಳು ನಾನು. ಅದಕ್ಕೆ ಬಿಗಿಯುವುದು ಉಡದ ಚರ್ಮ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ತತ್ತಿಯೂ ಹೊಸ್ತಿಲು ದಾಟದ ಮನೆ ನಮ್ಮದು. ಆದರೂ ಆ ಚರ್ಮ ಎಲ್ಲಿಂದ ಬರುತ್ತದೆ ಎಂದು ಅವ್ವ ಕೇಳಿಲ್ಲ, ಅಪ್ಪ ಕೇಳಿಲ್ಲ, ಸಾಹಿತ್ಯ ಓದಿದ ನಾನೂ ಕೇಳಿಲ್ಲ.

ಎಂಟು ದಿನಕ್ಕೆ ಉಡ ಕಾಣೆಯಾಯಿತು. ಪೊಟರೆಯ ಬಾಯಲ್ಲಿ ತಂತಿಯ ಕುಣಿಕೆ ಸಿಕ್ಕಿತು. ಯಲ್ಲೇಶ ಬೇಲಿಗೆ ಕಟ್ಟಿದ್ದೂ ಅಂಥದೇ ತಂತಿ. ಆ ದಿನ ನೀನು ನಮ್ಮಿಬ್ಬರನ್ನೂ ನಿಲ್ಲಿಸಿ, ಈ ಜಾಗ ನಮ್ಮ ಮೂವರನ್ನು ಬಿಟ್ಟು ಬೇರೆ ಯಾರಿಗೆ ಗೊತ್ತು ಎಂದು ಕೇಳಿದೆ.

ನಾನು, ಯಾರಿಗೂ ಇಲ್ಲ ಅಂದೆ.

ಅಜ್ಜನ ಮೇಲೆ ಆಗ ನನಗೆ ಅನುಮಾನ ಇರಲಿಲ್ಲ, ದೇವರ ಆಣೆಗೂ ಇರಲಿಲ್ಲ ಎಂದು ಬರೆಯಲು ಹೋಗಿ ಕೈ ತಡೆದೆ. ಆಣೆ ಬೇಡ. ಇರಲಿಲ್ಲ. ನಿಯಮ ಮುರಿದದ್ದು ನಿನಗೆ ತಿಳಿದೀತು, ನೀನು ಬೈದೀಯ, ಕೆಲಸದಿಂದ ಕಳಿಸೀಯ ಎಂಬ ಹೆದರಿಕೆ ಮಾತ್ರ ಇತ್ತು. ಅಷ್ಟು ಸಣ್ಣದಕ್ಕೆ ಆಡಿದ ಸುಳ್ಳು. ಯಲ್ಲೇಶ ನನ್ನ ಪಕ್ಕದಲ್ಲೇ ನಿಂತಿದ್ದ. ಅಜ್ಜನನ್ನು ನಾನು ಹಳ್ಳಕ್ಕೆ ಇಳಿಸಿದ ದಿನ ಅವನು ಅಲ್ಲೇ ಮೇಲೆ ಕಟ್ಟಿಗೆ ಒಡೆಯುತ್ತಿದ್ದ, ನೋಡಿದ್ದ, ‘ಹುಷಾರಿಂದ ಇಳೀರಿ ಅಜ್ಜಾರ, ಜಾರತೈತಿ’ ಎಂದು ಕೂಗಿ ಹೇಳಿದ್ದ. ಈಗ ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ‘ನಾ ಅಲ್ಲರಿ ಮೇಡಂ’ ಎಂದು ನಿನಗೆ ಎರಡು ಸಲ ಹೇಳಿದ. ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳುತ್ತೇನೆ ಎಂದು ಕಾದನೋ, ಓದಿದ ಹುಡುಗಿಯ ಮಾತಿನ ಎದುರು ತನ್ನ ಮಾತು ನಿಲ್ಲುವುದಿಲ್ಲ ಅಂದುಕೊಂಡನೋ, ಈ ಮೂರು ತಿಂಗಳಲ್ಲಿ ನನಗೆ ತಿಳಿಯಲಿಲ್ಲ.

ಕೆಲಸ ಹೋಗಿ ಅವನು ಬಿಡಾರ ಬಿಟ್ಟ ದಿನ ನೀನು ಅವನೊಡನೆ ಮಾತಾಡಲಿಲ್ಲ. ನನ್ನ ಹತ್ತಿರ ಬಂದ. ಹೊಂಡದ ಮೇಲಿನ ಕೊಂಬೆಯಲ್ಲಿ ಹಸಿರು ಕಪ್ಪೆಯ ನೊರೆಗೂಡು ಒಂದಿತ್ತು ನೋಡು, ಮೊದಲ ಮಳೆ ಹೋಗಿ ಕೆಳಗಿನ ನೀರು ಬತ್ತಿತ್ತು. ಮರಿಗಳು ಉದುರಿದರೆ ಒಣ ನೆಲಕ್ಕೆ ಬೀಳುತ್ತವೆ. ‘ಅಕ್ಕಾರ, ಬುಟ್ಟ್ಯಾಗ ನೀರ ಹಾಕಿ ಅದರ ಕೆಳಗ ಇಟ್ಟೇನಿ. ಆರಿದ್ರ ತುಂಬ್ರಿ, ಮರೀಬ್ಯಾಡ್ರಿ’ ಅಂದ. ಟಬ್ಬಿನಂಥ ಪ್ಲಾಸ್ಟಿಕ್ ಬುಟ್ಟಿ, ಅವನ ಹೆಂಡತಿ ಅರಿವೆ ಒಗೆಯುವುದು. ನಾಲ್ಕು ದಿನ ನೀರು ತುಂಬಿದೆ. ಐದನೆಯ ದಿನ ಮರಿಗಳು ಒಂದೊಂದಾಗಿ ಬಿದ್ದವು. ಅದನ್ನು ನೀನು ನನ್ನ ಹೆಸರಿನಲ್ಲಿ ದಾಖಲಿಸಿದೆ, ಒಳ್ಳೆಯ ಕೆಲಸ ಎಂದೆ. ಅದಕ್ಕೂ ನಾನು ಹೂಂ ಅಂದೆ.

ಮಳೆ ಹಿಡಿದು ನಾನು ಊರಿಗೆ ಬಂದ ಮೇಲೆ, ಚರ್ಮದ ಗುರುತು ಕಂಡದ್ದು ಮೂಡಲಗಿಯಲ್ಲಿ, ಹೋದ ವಾರದ ಶುಕ್ರವಾರ. ಶ್ರಾವಣದ ಭಜನೆ ಸ್ಪರ್ಧೆ. ನಮ್ಮೂರಿಗೆ ಮೊದಲ ಬಹುಮಾನ ಬಂತು. ತೀರ್ಪುಗಾರರೊಬ್ಬರು ಅಜ್ಜನ ಕೈಯಿಂದ ದಿಮ್ಮಡಿ ಇಸಿದುಕೊಂಡು, ‘ಏನ್ ನಾದ ರಿ ಇದು, ಗಂಟಿ ಹೊಡದಂಗ’ ಎಂದು ಬಿಸಿಲಿಗೆ ಎತ್ತಿ ಹಿಡಿದರು. ಬೆಳಕು ಚರ್ಮವನ್ನು ಹಾಯ್ದು ಬಂತು. ಹುರುಪೆಯ ಸಾಲುಗಳ ನಡುವೆ ಆ ಅರ್ಧಚಂದ್ರ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ, ಕೈಗಳು ಆಗಲೇ ಮೇಲೆ ಎದ್ದಿದ್ದವು.

ಮನೆಗೆ ಬಂದು ಕೇಳಿದೆ. ಅಜ್ಜ ಸುಳ್ಳು ಹೇಳಲಿಲ್ಲ. ಹಳೆಯ ಚರ್ಮ ಹರಿದಿತ್ತು, ಬೀರಸಿದ್ದ ಮಗಳ ಊರಿಂದ ತಂದುಕೊಟ್ಟ, ಎಲ್ಲಿಯದು ಎಂದು ತಾನು ಕೇಳಲಿಲ್ಲ ಅಂದ. ಕೇಳಬೇಕಿರಲಿಲ್ಲವೇ ಅಂದೆ. ‘ನಮ್ಮಪ್ಪನ ದಿಮ್ಮಡಿಗೂ ಉಡದ ತೊಗಲನ ಇತ್ತು, ಅದೇನ ಗಿಡದಾಗ ಬೆಳೀತೈತೇನ?’ ಎಂದು ಸಿಟ್ಟಾದ. ಯಲ್ಲೇಶನ ಸಂಗತಿ ಹೇಳಿದೆ. ಅಜ್ಜನಿಗೆ ಅದು ಗೊತ್ತಿರಲಿಲ್ಲ. ಸಿಟ್ಟು ಇಳಿದು ಮುಖ ಸಣ್ಣದಾಯಿತು. ‘ನಂಗ ಕಾಲು ಜಾರತೈತಿ ಅಂದಾನಲ್ಲ, ಆ ಹುಡುಗನೇನ?’ ಎಂದು ಕೇಳಿದ. ಹೌದು ಅಂದೆ. ‘ಎಪ್ಪತ್ತಾರ ವರ್ಷದ ಮುದುಕನ್ನ ಜೇಲಿಗಿ ಕಳಸ್ತಿಯೇನ ದಾನವ್ವ?’ ಅಂದ. ಬೆದರಿಸಿ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು.

ಅವ್ವ ಒಲೆಯ ಮುಂದಿನಿಂದಲೇ, ‘ಬಾಯಿಲ್ಲದ ಕೂಸು ಅಂತಿದ್ವಿ. ಒಮ್ಮಿ ಬಾಯಿ ಬಿಟ್ಟಿ, ಅದೂ ಹಿಂಗಾತು. ಇನ್ನರ ಮುಚಗೊಂಡ ಕುಂದ್ರು’ ಅಂದಳು. ಅವ್ವ ಕೆಟ್ಟವಳಲ್ಲ. ಆದರೆ ಆ ಮಾತು ಎಂಟು ದಿನದಿಂದ ನನ್ನ ಜೊತೆ ಉಣ್ಣುತ್ತದೆ, ಮಲಗುತ್ತದೆ. ನಾನು ಎರಡು ಸಲ ಬಾಯಿ ಬಿಟ್ಟವಳು. ಮೊದಲ ಸಲ ಖುಷಿಯಿಂದ, ಅದಕ್ಕೆ ಒಂದು ಪ್ರಾಣಿ ಸತ್ತಿತು. ಎರಡನೆಯ ಸಲ ಹೆದರಿಕೆಯಿಂದ, ಎರಡೇ ಶಬ್ದ, ಅದಕ್ಕೆ ಒಬ್ಬ ಮನುಷ್ಯ ಕಳ್ಳನಾದ. ಮುಚ್ಚಿಕೊಂಡು ಕೂತರೆ ಸರಿಹೋಗುವಂಥದು ಎರಡರಲ್ಲಿ ಯಾವುದೂ ಅಲ್ಲ.

ಬರುವ ಶುಕ್ರವಾರ ಯಲ್ಲೇಶನ ವಿಚಾರಣೆ, ಆರೋಪ ನಿಂತರೆ ಮೊಕದ್ದಮೆ ಎಂದು ನೀನು ಬರೆದಿದ್ದಿ. ಅವನು ಈಗ ಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಾನೆ, ಊರವರು ಅವನ ಮನೆಯ ಮುಂದೆ ನಿಂತು ಉಡದ ಸಾರು ಹೇಗಿತ್ತೋ ಎಂದು ಕೇಳುತ್ತಾರೆ ಎಂದೂ ಬರೆದಿದ್ದಿ. ನಿನ್ನ ಅಕ್ಷರಗಳಲ್ಲಿ ಸಿಟ್ಟು ಇನ್ನೂ ಇತ್ತು. ಆ ಸಿಟ್ಟಿನ ನಿಜವಾದ ವಿಳಾಸ ಇದು, ಘೋಡಗೇರಿ.

ಸುರಯ್ಯಾ, ಅಜ್ಜನನ್ನು ನಾನು ದ್ವೇಷಿಸಲಾರೆ. ನಿನ್ನೆಯೂ ಅವನು ಹಾಡಿದಾಗ ನನ್ನ ಕಣ್ಣು ತುಂಬಿತು. ಆ ನಾದ ಚೆನ್ನಾಗಿದೆ. ಚೆನ್ನಾಗಿದೆ ಎಂಬುದೇ ನನಗೆ ತಡೆಯಲಾಗದ ಸಂಗತಿ. ನನ್ನ ಕಿವಿ ಕಿವುಡಾಗಿದ್ದರೆ ಎಷ್ಟೋ ಸುಲಭವಿತ್ತು.

ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ, ಅದನ್ನು ಮೊದಲು ಕೇಳಬೇಕಾದದ್ದು ಬೇರೆಯವರನ್ನು. ನೀನು ಒಂದು ಕೆಲಸ ಮಾಡು. ಈ ಕಾಗದ ಮುಟ್ಟಿದ ದಿನವೇ ಯಲ್ಲೇಶನ ಮನೆಗೆ ಹೋಗು. ಅವನ ಹೆಂಡತಿಯ ಎದುರಿಗೇ, ಅಕ್ಕಪಕ್ಕದವರಿಗೂ ಕೇಳುವ ಹಾಗೆ, ಇದನ್ನು ಗಟ್ಟಿಯಾಗಿ ಓದು. ಅವಳು ಕೇಳಬೇಕು. ನನ್ನ ಹೆಸರು ಬಂದಲ್ಲಿ ದನಿ ಇಳಿಸಬೇಡ.

ನಿನ್ನ ಸ್ನೇಹಕ್ಕೆ ಸಾಲದವಳು,
ದಾನೇಶ್ವರಿ

ತಾ.ಕ.: ನಿನ್ನ ಸಲಹೆಗಾಗಿ ಬರೆದ ಕಾಗದ ಇದು ಎಂದು ತಿಳಿಯಬೇಡ. ಗುರುವಾರ ಗೋಕಾಕಿಗೆ ಹೋಗಿ ಅರಣ್ಯ ಅಧಿಕಾರಿಗೆ ರಿಜಿಸ್ಟರ್ ಅಂಚೆಯಲ್ಲಿ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಜಾಗ ತೋರಿಸಿದವಳು ನಾನು, ಸುಳ್ಳು ಹೇಳಿದವಳು ನಾನು, ಚರ್ಮ ಇರುವುದು ನಮ್ಮ ಮನೆಯಲ್ಲಿ. ಅಜ್ಜನ ಹೆಸರು, ಬೀರಸಿದ್ದಪ್ಪನ ಹೆಸರು, ಎರಡನ್ನೂ ಬರೆದೆ. ಮೊದಲು ನಿನ್ನನ್ನು ಕೇಳಿದ್ದರೆ, ಮುದುಕನನ್ನು ಬಿಡು, ನಾನು ಹೇಗಾದರೂ ಮಾಡಿ ಯಲ್ಲೇಶನನ್ನು ಬಿಡಿಸುತ್ತೇನೆ ಅನ್ನುತ್ತಿದ್ದಿ. ನಾನು ಹೂಂ ಅಂದುಬಿಡುತ್ತಿದ್ದೆ. ಅಜ್ಜನಿಗೆ ಇನ್ನೂ ಹೇಳಿಲ್ಲ. ಈಗ ಹೊಲದಿಂದ ಬರುತ್ತಾನೆ, ಕೈಕಾಲು ತೊಳೆಯಲು ನೀರು ಕೊಟ್ಟು, ಎದುರು ಕೂತು ಹೇಳುತ್ತೇನೆ. ಶುಕ್ರವಾರ ವಿಚಾರಣೆಗೆ ನಾನು ಬರುತ್ತೇನೆ. ಅವನು ಜೊತೆಗೆ ಬಂದರೆ ಇಬ್ಬರು, ಬರದಿದ್ದರೆ ಒಬ್ಬಳೇ.