ಪ್ರಯೋಗಾಲಯದ ಕೀಲಿ ನನ್ನ ಅಡುಗೆಮನೆಯಲ್ಲಿದೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ದಾವಣಗೆರೆಯ ನಮ್ಮ ಕಾಲೇಜಿನ ವಿಜ್ಞಾನ ಪ್ರಯೋಗಾಲಯಕ್ಕೆ ನಾಲ್ಕು ತಿಂಗಳಿಂದ ಬೀಗ. ಅದರ ಕೀಲಿ ನನ್ನ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ನಾನು ಬಚ್ಚಿಟ್ಟದ್ದಲ್ಲ, ತೆಗೆದುಕೊಳ್ಳುವವರಿಲ್ಲ.

ನಮ್ಮ ಯಜಮಾನರು ಉಜ್ಜನಪ್ಪನವರು ಅಲ್ಲಿ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದರು. ಆಷಾಢದಲ್ಲಿ ಲಿಂಗೈಕ್ಯರಾದರು. ಶಿವಗಣಾರಾಧನೆ ಮುಗಿದ ಮರುದಿನವೇ ಕೀಲಿ ಹಿಡಿದು ಹೋದೆ. "ಹಂಗೆ ತಗೊಳ್ಳಾಕ ಬರಲ್ಲ ಬಸವಣ್ಣೆಮ್ಮಾರೇ. ಸಾಮಾನು ಎಣಿಸಿ, ಚಾರ್ಜ್ ಕೊಟ್ಟು ನಿಮ್ಮ ಯಜಮಾನ್ರೇ ಸೈನ್ ಮಾಡ್ಬೇಕು," ಎಂದರು ಪ್ರಿನ್ಸಿಪಾಲರು. ಆಮೇಲೆ ತಮ್ಮ ಶಿಕ್ಷಣ ಕಚೇರಿಯಿಂದ ಯಜಮಾನರ ಹೆಸರಿಗೇ ಕಾಗದ ಬಂತು: ಏಳು ದಿನದೊಳಗೆ ಖುದ್ದಾಗಿ ಹಾಜರಾಗತಕ್ಕದ್ದು! ಸ್ವಾಮಿ, ಅದನ್ನು ಯಾವ ವಿಳಾಸಕ್ಕೆ ಕಳಿಸಲಿ?

ಈ ಸಲದ ಆಯುಧಪೂಜೆಯಲ್ಲಿ ಕಾಲೇಜಿನವರು ಆ ಬೀಗಕ್ಕೇ ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿ, ಕುಂಬಳಕಾಯಿ ಒಡೆದರಂತೆ. ಒಳಗಿನ ಸೂಕ್ಷ್ಮದರ್ಶಕಕ್ಕೆ ದೂಳಿನ ಪೂಜೆ.

"ಒಡೆದ್ರೆ ಒಡೀಲಿ ಬಿಡ್ರಿ, ಕೈಯಾಗೆ ಹಿಡೀದೆ ಹುಡುಗ್ರು ಹೆಂಗೆ ಕಲೀತಾವೆ?" ಎನ್ನುತ್ತಿದ್ದರು ನಮ್ಮ ಯಜಮಾನರು. ಹರಿಹರದಿಂದ ಓದಲು ಬರುವ ಪದ್ಮಶ್ರೀ ಎಂಬ ಹುಡುಗಿ ಪ್ರತಿ ಶನಿವಾರ ಬಾಟಲಿಯಲ್ಲಿ ಹೊಳೆನೀರು ತಂದು, ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಿಗಳನ್ನು ಎಣಿಸಿ ಬರೆಯುತ್ತಿದ್ದಳು. ಪಠ್ಯದಲ್ಲಿ ಇದ್ದದ್ದಲ್ಲ, ಅವಳದೇ ಹುಡುಕಾಟ. ಒಂಬತ್ತು ವಾರ ನಡೆಯಿತು. ಹತ್ತನೆಯ ವಾರಕ್ಕೆ ಬೀಗ.

"ಕೀಲಿ ಇಲ್ಲೇ ಐತಲ್ರಿ ಅಜ್ಜಿ, ಒಂದು ತಾಸು ಕೊಡ್ರಿ," ಎಂದು ಮನೆಗೇ ಬಂದಳು. "ಬ್ಯಾಡವ್ವ," ಎಂದೆ. ಒಂದು ಗಾಜಿನ ನಳಿಕೆ ಕಡಿಮೆಯಾದರೂ ಸತ್ತವರನ್ನು ಕಳ್ಳರೆಂದು ಬರೆಯುತ್ತೀರೆಂಬ ಭಯ ನನಗೆ. "ನಾಳೆಗೆ ಈ ನೀರು ಕೆಲಸಕ್ಕೆ ಬರಲ್ಲರಿ, ಒಳಗಿನ ಜೀವಿ ಸಾಯ್ತಾವೆ," ಎಂದವಳು ಬಾಟಲಿಯನ್ನು ನಮ್ಮ ಕರಿಬೇವಿನ ಗಿಡಕ್ಕೆ ಸುರಿದು ಹೋದಳು. ಅಂದು ದಿನಚರಿಯಲ್ಲಿ ಅದೊಂದನ್ನೇ ಬರೆದೆ. ನಿದ್ದೆ ಬರಲಿಲ್ಲ.

ಜಿಲ್ಲೆಗೆ ಕುಶಲ ಕೆಲಸಗಾರರು ಬೇಕೆಂದು ತಾವು ವೇದಿಕೆ ಮೇಲೆ ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಬೇರೆ ಕಾಲೇಜಿನಲ್ಲಿ ಓದಿದ ಅವಳ ಅಣ್ಣ ಗಿರೀಶ ಕಾರ್ಖಾನೆಯೊಂದಕ್ಕೆ ಕೆಲಸ ಕೇಳಲು ಹೋದಾಗ ಫೋರ್‌ಮನ್ ಅವನ ಕೈಗೆ ವರ್ನಿಯರ್ ಎಂಬ ಅಳತೆಯ ಉಪಕರಣ ಕೊಟ್ಟು ಕಬ್ಬಿಣದ ತುಂಡೊಂದನ್ನು ಅಳೆಯಲು ಹೇಳಿದರಂತೆ. "ಚಿತ್ರ ಬರೆದು ಭಾಗ ಗುರುತಿಸ್ತೀನ್ರಿ ಸಾರ್," ಎಂದನಂತೆ ಅದನ್ನು ಪುಸ್ತಕದಲ್ಲಷ್ಟೇ ಕಂಡಿದ್ದ ಹುಡುಗ. ಅಲ್ಲಿದ್ದವರೆಲ್ಲ ನಕ್ಕರು. ನಗಬೇಕಾದದ್ದು ಅವನನ್ನು ನೋಡಿಯೇ?

ಬರುವ ಶನಿವಾರ ಹನ್ನೊಂದು ಗಂಟೆಗೆ ಪದ್ಮಶ್ರೀಯೊಂದಿಗೆ ಕಾಲೇಜಿಗೆ ಬರುತ್ತೇನೆ. ಸಾಮಾನು ಎಣಿಸಲು ಒಬ್ಬರನ್ನು ಕಳಿಸಿಕೊಡಿ. ಪಕ್ಕದಲ್ಲಿ ನಿಂತು ನಾನೂ ಎಣಿಸುತ್ತೇನೆ, ಸಹಿಯನ್ನೂ ಹಾಕುತ್ತೇನೆ. ಯಾರೂ ಬಾರದಿದ್ದರೆ ಬೀಗ ನಾನೇ ತೆಗೆಯುತ್ತೇನೆ. ಅವಳ ಕೈಯಲ್ಲಿ ಏನಾದರೂ ಒಡೆದರೆ ನನ್ನ ಹೆಸರಿಗೆ ಬರೆದುಕೊಳ್ಳಿ. ನಮ್ಮ ಯಜಮಾನರ ಹೆಸರಿಗೆ ಬೇಡ.

ಇಂತಿ,
ಯಾವ ಆದೇಶವೂ ಇಲ್ಲದೆ ಅಟೆಂಡರ್ ಆದ
ಬಸವಣ್ಣೆಮ್ಮ
ದೇವರಾಜ ಅರಸು ಬಡಾವಣೆ, ದಾವಣಗೆರೆ
ನವೆಂಬರ್ 1998