ಕೋಲ್ಡ್ ರೂಮಿನಲ್ಲಿ ಅರ್ಧ ಗಂಟೆ

ಶಾಂತಿಗ್ರಾಮ
೧೩ ಜನವರಿ ೨೦೨೫, ಸೋಮವಾರ

ಪ್ರೀತಿಯ ಮಗಳು ಯಶೋಧರಾಗೆ,

ಹೆಂಗಿದ್ದೀಯವ್ವ? ಕೆಮ್ಮು ವಾಸಿ ಆಯ್ತಾ? ಹೊತ್ತೊತ್ತಿಗೆ ಉಣ್ತಿದ್ದೀಯಾ, ಇಲ್ಲಾ ಅಲ್ಲೂ ಬರೀ ಟೀ ಕುಡ್ಕೊಂಡು ಓಡಾಡ್ತಿದ್ದೀಯಾ? ನಾವು ಚೆನ್ನಾಗಿದ್ದೀವಿ. ನಿಮ್ಮವ್ವನ ಮಂಡಿ ನೋವು ಹಂಗೇ ಐತೆ. ಫೋನ್ ಮಾಡಿದ್ರೆ ನೀನು ವ್ಯಾಪ್ತಿ ಪ್ರದೇಶದಲ್ಲಿಲ್ಲ ಅಂತ ಯಾವಳೋ ಹೇಳ್ತಾಳೆ. ಅವಳ ದನಿ ಕೇಳಿ ಕೇಳಿ ಸಾಕಾಗಿ ಪೆನ್ನು ತಗೊಂಡೆ. ನೀನು ಮನೆ ಬಿಟ್ಟು ಹದಿನಾಲ್ಕು ತಿಂಗಳಾಯ್ತು. ಹೋದ ಬುದ್ಧ ಪೂರ್ಣಿಮೆಗೂ ನೀನಿರಲಿಲ್ಲ, ಪಾಯಸ ಮಾಡಿಟ್ಟು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತಿದ್ವಿ.

ಹಿಮಾಚಲದ ಆ ಬೆಟ್ಟ ಹತ್ತೋದು ಕಲಿಸೋ ಕ್ಯಾಂಪಿನಿಂದ ನೀನು ಕಳಿಸಿದ ಒಪ್ಪಿಗೆ ಫಾರಂ ಬಂದು ಎರಡು ತಿಂಗಳು. ಫೆಬ್ರವರಿಯಲ್ಲಿ ಹಿಮದ ಮೇಲೆ ಹನ್ನೆರಡು ದಿನ ಡೇರೆ ಹಾಕ್ಕೊಂಡು ಇರಬೇಕು, ಮನೆಯವರ ಸೈನು ಇಲ್ದಿದ್ರೆ ಸೇರಿಸಿಕೊಳ್ಳಲ್ಲ ಅಂತ ಬರೆದಿದ್ದೆ. ನಾನು ಜವಾಬು ಕೊಡಲಿಲ್ಲ. ಅಪ್ಪನಿಗೆ ಸಿಟ್ಟು ಅಂತ ತಿಳ್ಕೊಂಡಿರ್ತೀಯ. ಸಿಟ್ಟಿತ್ತು, ಇಲ್ಲ ಅನ್ನಲ್ಲ. ಡೈರಿಯ ಐಸ್‌ಕ್ರೀಂ ಕೋಲ್ಡ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಕ್ರೇಟು ಎತ್ತಿ ಬೆರಳು ಮರಗಟ್ಟಿಸಿಕೊಂಡೋನು ನಾನು. ನನ್ನ ಮಗಳು ಬೆಚ್ಚಗಿರೋ ಕಡೆ ಕೂತು ಕೆಲಸ ಮಾಡಲಿ ಅಂತ ಓದಿಸಿದ್ರೆ ನೀನು ಚಳೀನೇ ಹುಡ್ಕೊಂಡು ಹೋದೆ! ನೀನು ಹೊರಟ ದಿನ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ‘ಓಗು, ಅಲ್ಲೇ ಎಪ್ಪುಗಟ್ಕೊಂಡು ಬಿದ್ದಿರು’ ಅಂದ್ಬುಟ್ಟೆ. ಆ ಮಾತು ಇವತ್ತಿಗೂ ನನ್ನನ್ನ ತಿಂತದೆ ಕಣವ್ವ.

ಸೈನು ಹಾಕ್ತೀನೋ ಬಿಡ್ತೀನೋ, ನೀನು ಮಲಗೋದು ಮಾತ್ರ ಬೆಚ್ಚಗಿರಬೇಕು ಅಂತ ಹೋದ ವಾರ ಹಾಸನಕ್ಕೆ ಹೋಗಿ ಬೆಟ್ಟ ಹತ್ತೋರ ಸಾಮಾನು ಮಾರೋ ಅಂಗಡಿ ಹುಡುಕಿದೆ. ಅಲ್ಲಿ ಧನ್ಯಾ ಅಂತ, ನಿನ್ನ ವಯಸ್ಸಿನೋಳೇ, ಎರಡು ಸ್ಲೀಪಿಂಗ್ ಬ್ಯಾಗ್ ಮುಂದಿಟ್ಟಳು. ಒಂದು ಹಾಸಿಗೆ ಸುತ್ತಿದಂಗೆ ಭಾರ. ಇನ್ನೊಂದು ಬಾತುಕೋಳಿ ಎದೆಯ ಸಣ್ಣ ಪುಕ್ಕ ತುಂಬಿದ್ದು, ಎತ್ತಿದ್ರೆ ಕೈಯಲ್ಲಿ ಏನೂ ಇಲ್ಲ ಅನ್ನಿಸ್ತದೆ. ನಾನು ಭಾರದ್ದಕ್ಕೇ ಕೈ ಹಾಕಿದೆ. ‘ತೂಕ ನೋಡಬೇಡಿ ಅಂಕಲ್, ಎಷ್ಟು ಉಬ್ಬುತ್ತೆ ನೋಡಿ’ ಅಂದಳು. ಚೀಟಿಯಲ್ಲಿ ಎರಡು ಡಿಗ್ರಿ ಬರೆದಿರ್ತಾರಂತೆ. ಒಂದು ನಿದ್ದೆ ಬರೋ ಚಳಿ, ಇನ್ನೊಂದು ಗಡಗಡ ನಡುಗಿದ್ರೂ ಹೆಂಗೋ ರಾತ್ರಿ ಕಳೆಯೋ ಚಳಿ. ಎಷ್ಟೋ ಜನ ಎರಡನೇದನ್ನ ನಂಬಿ ಮೋಸ ಹೋಗ್ತಾರಂತೆ. ನನಗೆ ನೀನು ನಿದ್ದೆ ಮಾಡಬೇಕು, ಅಷ್ಟೇ. ಆದ್ರೂ ಚೀಟಿ ನಂಬಿ ಮಗಳನ್ನ ಹಿಮದ ಮೇಲೆ ಮಲಗಿಸೋಕಾಗ್ತದಾ? ಎರಡನ್ನೂ ಒಂದು ದಿನದ ಮಟ್ಟಿಗೆ ಕೇಳಿ ತಗೊಂಡು ಡೈರಿಗೆ ಬಂದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ, ಜೊತೆ ಕೆಲಸದ ನಾಗೇಶನನ್ನ ವಾಚ್ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿ, ಮೈನಸ್ ಹದಿನೆಂಟರ ರೂಮಿನಲ್ಲಿ ಕ್ರೇಟುಗಳ ನಡುವೆ ಮಲಗಿದೆ ನೋಡು! ನೀನಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ದೆ. ‘ಬೈರಣ್ಣೋ, ಇದ್ದೀಯಾ ಓದ್ಯಾ’ ಅಂತ ನಾಗೇಶ ಎರಡು ನಿಮಿಷಕ್ಕೊಂದು ಸಲ ಕೂಗೋನು. ಭಾರದ್ದರಲ್ಲಿ ಹತ್ತೇ ನಿಮಿಷಕ್ಕೆ ಮಂಡಿ ಕೊರೆಯೋಕೆ ಶುರುವಾಯ್ತು. ಪುಕ್ಕದ್ದರಲ್ಲಿ ಅರ್ಧ ಗಂಟೆ ಇದ್ದೆ. ನಮ್ಮ ಅಭ್ಯಾಸ ಗೊತ್ತಲ್ಲ, ತಲೆ ತುಂಬ ಮುಸುಕು ಎಳ್ಕೊಂಡೆ. ಒಳಗೆ ಕತ್ತಲು, ಹೊರಗೆ ಫ್ಯಾನಿನ ಸದ್ದು. ನನ್ನ ಕೂಸು ಅಲ್ಲಿ ಹಿಂಗೇ ಒಬ್ಬಳೇ ಮಲಗ್ತಾಳಲ್ಲ ಅನ್ನಿಸ್ತು. ಅಳು ತಡೆಯೋಕಾಗಲಿಲ್ಲ. ಆಚೆ ಬಂದಾಗ ಕಣ್ಣು ಯಾಕೆ ಕೆಂಪಗೈತೆ ಅಂದ ನಾಗೇಶ, ಥಂಡಿಗೆ ಅಂದೆ.

ಬ್ಯಾಗಿನ ಕತ್ತಿನ ಹತ್ರ ಬಟ್ಟೆಯೆಲ್ಲ ಒದ್ದೆ. ಸಂಜೆ ಅಂಗಡಿಗೆ ವಾಪಸ್ ಒಯ್ದಾಗ ಧನ್ಯಾ ನನಗೆ ಚೆನ್ನಾಗಿ ಬೈದಳು. ಮುಸುಕು ಹಾಕಿದ್ರೆ ಉಸಿರಿನ ತೇವಕ್ಕೆ ಪುಕ್ಕ ಗಂಟು ಕಟ್ಟಿ, ಬೆಚ್ಚಗೇ ಇರಲ್ವಂತೆ. ಹೆಂಗೂ ನಾನು ಒಪ್ಪಿದ್ದು ಅದನ್ನೇ, ತಗೊಂಡು ಬಂದೆ. ನಿಮ್ಮವ್ವ ಮಲ್ಲಿಗಮ್ಮ ಎರಡು ದಿನ ನೆರಳಲ್ಲಿ ಹರವಿ, ನಿನ್ನ ತಟ್ಟಿ ಮಲಗಿಸ್ತಿದ್ದಂಗೆ ತಟ್ಟಿ ತಟ್ಟಿ ಉಬ್ಬಿಸಿದಳು. ‘ನನ್ ಮಗಳು ಇದ್ರೊಳಗೆ ಮನಿಕತ್ತಾಳೆ’ ಅಂತ ಕೆನ್ನೆಗೆ ಒತ್ತಿಕೊಂಡಳು. ನೀನೂ ನನ್ನಂಗೇ ಚಿಕ್ಕೋಳಿದ್ದಾಗಿಂದ ಮುಸುಕು ಹಾಕೋಳು. ಅಲ್ಲಿ ಹಂಗೆ ಮಾಡಬೇಡ, ಮೂಗು ಬಾಯಿ ಆಚೆ ಇರಲಿ. ಬೆಳಿಗ್ಗೆ ಎದ್ದು ಕೊಡವಿ ಗಾಳಿಗೆ ಹಾಕು. ಕೆಳಗಿಳಿದ ಮೇಲೆ ಚೀಲದಲ್ಲಿ ಹಿಂಡಿ ತುರುಕಿಡಬೇಡ, ಸಡಿಲವಾಗಿ ಬಿಡು.

ನಿನ್ನ ಜೊತೆಯೋರಿಗೆಲ್ಲ ನಮ್ಮ ಜೈಭೀಮ್ ತಿಳಿಸು. ನಿಮ್ಮವ್ವ ಮುತ್ತು ಕೊಟ್ಟಿದ್ದಾಳೆ. ದೂರದಿಂದಲೇ ನಿನ್ನ ತಲೆ ಮೇಲೆ ಕೈಯಿಟ್ಟಿದ್ದೀನಿ, ಚೆನ್ನಾಗಿರವ್ವ.

ನಿನ್ನ ಅಪ್ಪ,
ಬೈರಯ್ಯ

ತಾ.ಕ.: ಬಸ್ಸಿಗೆ ಹೊತ್ತಾಯ್ತು, ಬ್ಯಾಗಿನ ಪಾರ್ಸೆಲ್ ಹಾಸನಕ್ಕೆ ಒಯ್ಯಬೇಕು. ಫಾರಂಗೆ ಸೈನು ಹಾಕಿದ್ದೀನಿ, ಇದರ ಜೊತೆಗೇ ಐತೆ. ಹೋಗಿ ಬಾ. ಕೆಳಗಡೆ ‘ಏನಾದರೂ ಆದಲ್ಲಿ ಯಾರಿಗೆ ತಿಳಿಸಬೇಕು’ ಅಂತ ಒಂದು ಸಾಲೈತೆ. ಅಲ್ಲಿ ನನ್ನ ಹೆಸರು ಬರೆಯೋಕೆ ಕೈ ಬರಲಿಲ್ಲ ಕಣವ್ವ. ಎರಡು ತಿಂಗಳು ತಡ ಆಗಿದ್ದು ಅದಕ್ಕೇ, ಸಿಟ್ಟಿಗಲ್ಲ. ಆ ಸಾಲು ನೀನೇ ತುಂಬು, ನನ್ನ ನಂಬರು ಹಾಕು. ಬೆಟ್ಟ ಇಳಿದ ದಿನ ಆ ನಂಬರಿಗೆ ನೀನೇ ಫೋನ್ ಮಾಡು. ಬೇರೆ ಯಾರೂ ಮಾಡೋದು ಬೇಡ.